ಎಡಗಾಲಿಗೊಂದು ರೈಟ್ ಮಾರ್ಕು

"ಈ ಶನಿವಾರ ಏನ್ ಮಾಡಿದಿ?" ಎಂದು ಧಾರವಾಡದ ಗೆಳತಿ ಮೆಸೇಜಿನಲ್ಲಿ ಕೇಳಿದ್ದಳು. "ಟ್ರೇಲರಿನ ಬ್ರೇಕು ಬಿಚ್ಚಿದೆ" ಎಂದು ಬರೆದೆ. "ಯಾವ ಸಿನಿಮಾದ್ದು?" ಎಂದು ಉತ್ತರ ಬಂತು. ಅವಳದೇನೂ ತಪ್ಪಿಲ್ಲ. ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತೇನೆಂದು ಇಂಗ್ಲೆಂಡಿಗೆ ಹೋದವಳು ವಾರಾಂತ್ಯದಲ್ಲಿ ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿ ಕೈಗೆಲ್ಲ ಗ್ರೀಸು ಮೆತ್ತಿಕೊಳ್ಳುತ್ತಾಳೆ ಎಂದು ಯಾರಾದರೂ ಹೇಗೆ ಊಹಿಸಬೇಕು? ನಾನೇ ಊಹಿಸಿರಲಿಲ್ಲ.

ಯಾರ್ಕ್‌ಶೈರಿಗೆ ಬಂದ ಮೊದಲ ವರ್ಷ, ವಿಶ್ವವಿದ್ಯಾಲಯದ ಸಂಘಗಳೆಲ್ಲ ಹೊಸ ವಿದ್ಯಾರ್ಥಿಗಳನ್ನು ಸೆಳೆಯಲು ಮೇಜು ಹಾಕಿಕೊಂಡು ಕೂತಿದ್ದ ದಿನ, ಹುಲ್ಲುಹಾಸಿನ ಮೇಲೆ ಒಂದು ಬಿಳಿಯ ಗ್ಲೈಡರನ್ನು ನಿಲ್ಲಿಸಿದ್ದರು. ಎಂಜಿನ್ನಿಲ್ಲದ ವಿಮಾನ. ನೆಲದ ಮೇಲಿನ ಯಂತ್ರವೊಂದು ಅದನ್ನು ಉದ್ದನೆಯ ತಂತಿಯಿಂದ ಗಾಳಿಪಟದ ಹಾಗೆ ಎಳೆದು ಮೇಲಕ್ಕೆ ಬಿಡುತ್ತದೆ. ಅಲ್ಲಿಂದ ಮುಂದೆ ಮೇಲೇಳುವ ಬಿಸಿಗಾಳಿಯನ್ನು ಹುಡುಕಿಕೊಂಡು ಹದ್ದಿನಂತೆ ಸುತ್ತುತ್ತ ಏರಬೇಕು. ಅದರೊಳಗೆ ಐದು ನಿಮಿಷ ಕೂರಿಸಿದರು. ಹೆಸರು ಬರೆಸಿದೆ. ಇಲ್ಲಿಯವರೆಗೆ ನಾನು ಹಾರಿದ್ದು ಇಪ್ಪತ್ತು ಸಲ ಇದ್ದೀತು. ಹಾರುವುದಕ್ಕೆ ದುಡ್ಡು ಬೇಕು, ನೆಲದ ಮೇಲಿನ ಕೆಲಸಕ್ಕೆ ಬೇಡ. ವಿದ್ಯಾರ್ಥಿವೇತನದ ಲೆಕ್ಕದಲ್ಲಿ ನಾನು ನಿಧಾನವಾಗಿ ನೆಲದವಳಾದೆ. ಹಗ್ಗ ಹಿಡಿಯುವವಳು, ರೆಕ್ಕೆಯ ತುದಿ ಹಿಡಿದು ಓಡುವವಳು, ಆಮೇಲೆ ಟ್ರೇಲರಿನವಳು.

ಟ್ರೇಲರ್ ಯಾಕೆ ಬೇಕು ಎಂದು ಹೇಳಿಬಿಡುತ್ತೇನೆ. ಗ್ಲೈಡರಿನಲ್ಲಿ ದೂರ ಹೋದವರಿಗೆ ಎಲ್ಲ ಸಲವೂ ಮರಳಿ ಬರಲಾಗುವುದಿಲ್ಲ. ಮಧ್ಯಾಹ್ನ ಮೋಡ ಮುಚ್ಚಿದರೆ, ಬಿಸಿಗಾಳಿ ಸತ್ತರೆ, ಯಾವುದೋ ರೈತರ ಹೊಲ ನೋಡಿ ಇಳಿಯಬೇಕು. ಅದು ಅಪಘಾತವಲ್ಲ, ಆಟದ ಭಾಗವೇ. ಆಗ ಕ್ಲಬ್ಬಿನಿಂದ ಯಾರಾದರೂ ಕಾರಿಗೆ ಟ್ರೇಲರ್ ಕಟ್ಟಿಕೊಂಡು ಹುಡುಕಿಕೊಂಡು ಹೋಗುತ್ತಾರೆ. ರೆಕ್ಕೆಗಳ ಪಿನ್ನು ತೆಗೆದು, ಎರಡೂ ರೆಕ್ಕೆ ಕಳಚಿ, ಬಾಲದ ಅಡ್ಡಪಟ್ಟಿ ಬಿಚ್ಚಿ, ಎಲ್ಲವನ್ನೂ ಆ ಉದ್ದನೆಯ ಪೆಟ್ಟಿಗೆಯೊಳಗೆ ತೂರಿಸಿ ಊರಿಗೆ ತರುತ್ತಾರೆ. ಹದಿನೈದು ಮೀಟರು ರೆಕ್ಕೆಹರವಿನ ಗ್ಲೈಡರಿನ ಒಂದೊಂದು ರೆಕ್ಕೆಯೇ ಏಳು ಮೀಟರು ದಾಟುತ್ತದೆ. ಅದು ಹಿಡಿಸುವ ಪೆಟ್ಟಿಗೆ ಇನ್ನೂ ಉದ್ದ. ಇಷ್ಟುದ್ದದ ಪೆಟ್ಟಿಗೆಗೆ ನಡುವೆ ಒಂದೇ ಒಂದು ಅಚ್ಚು, ಎರಡು ಗಾಲಿ.

ನಮ್ಮ ಕಡೆ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಬ್ಬು ಹೇರಿಕೊಂಡು ಹೋಗುವಂಥದ್ದು. ಅದರ ಬ್ರೇಕು ಎಂದರೆ ಗಾಲಿಯ ಕೆಳಗೆ ಕೊಡುವ ಕಲ್ಲು. ಬ್ರಿಟನ್ನಿನಲ್ಲಿ 750 ಕಿಲೋಗಿಂತ ಹೆಚ್ಚಿನ ತೂಕಕ್ಕೆಂದು ಮಾಡಿದ ಟ್ರೇಲರಿಗೆ ಬ್ರೇಕು ಕಡ್ಡಾಯ. ಆದರೆ ಕಾರಿಗಿರುವಂತೆ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇಂಥ ಹಗುರ ಟ್ರೇಲರಿಗೆ ಇಲ್ಲ. ಜರ್ಮನಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ತೋರಿಸಬೇಕು. ಇಲ್ಲಿ ಬ್ರೇಕು ಕೆಲಸ ಮಾಡುತ್ತಿರಬೇಕು ಎಂದು ಕಾನೂನು ಹೇಳುತ್ತದೆ, ಮಾಡುತ್ತಿದೆಯೇ ಎಂದು ಯಾರೂ ಬಂದು ನೋಡುವುದಿಲ್ಲ. ಗ್ಲೈಡರಿಗೆ ವರ್ಷಕ್ಕೊಮ್ಮೆ ಪರೀಕ್ಷೆ, ಕಾಗದ, ಸಹಿ, ಮುದ್ರೆ. ಅದನ್ನು ಹೊತ್ತು ತರುವ ಟ್ರೇಲರು ಮಾತ್ರ ಬೇಲಿಯ ಪಕ್ಕ ಮೊಣಕಾಲೆತ್ತರದ ಹುಲ್ಲಿನಲ್ಲಿ ನಿಂತಿರುತ್ತದೆ. ಗ್ಲೈಡರನ್ನು ಬಟ್ಟೆಯಿಂದ ಒರೆಸಲು ಜನ ಸರದಿ ನಿಲ್ಲುತ್ತಾರೆ. ಟ್ರೇಲರ್ ಒರೆಸಿದವರನ್ನು ನಾನು ಕಂಡಿಲ್ಲ.

ಒಬ್ಬರನ್ನು ಬಿಟ್ಟು. ಎಪ್ಪತ್ತು ದಾಟಿದವರು, ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಏಳುತ್ತಿರಲಿಲ್ಲ. ಮನಸ್ಸಿನಲ್ಲೇ 'ಗಾಲಿ ಅಜ್ಜ' ಎಂದು ಹೆಸರಿಟ್ಟುಕೊಂಡೆ. ಅವರು ಈಗ ಹಾರುವುದಿಲ್ಲ, ಹೃದಯದ ತೊಂದರೆ. ಕ್ಲಬ್ಬಿನ ನಾಲ್ಕು ಟ್ರೇಲರುಗಳನ್ನು ನೋಡಿಕೊಳ್ಳುತ್ತಾರೆ. ಅವರ ಹತ್ತಿರ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ಕು ಇದೆ. ಒಂದೊಂದು ಟ್ರೇಲರಿಗೂ ಒಂದೊಂದು ಪುಟ. ಎಡಗಾಲಿ, ಬಲಗಾಲಿ ಎಂದು ಎರಡು ಸಾಲು. ಬ್ರೇಕ್ ಶೂ, ಬೇರಿಂಗು, ಕೇಬಲ್ಲು, ಟೈರು ಎಂದು ಕಾಲಂಗಳು. ಕೆಲಸ ಮುಗಿದ ಮೇಲೆ ತಾರೀಖು, ಹೆಸರಿನ ಮೊದಲಕ್ಷರ, ಒಂದು ರೈಟ್ ಮಾರ್ಕು.

ಮೊದಲ ದಿನ ಅವರು ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿಕೊಡಲು ಹೊರಟಾಗ ನನಗೆ ತಟ್ಟನೆ ಹೊಳೆದದ್ದು ಚಕ್ಕಡಿ. ಕಾರಿನಿಂದ ಟ್ರೇಲರಿಗೆ ಬ್ರೇಕಿನ ಕೊಳವೆಯಾಗಲಿ ತಂತಿಯಾಗಲಿ ಹೋಗುವುದಿಲ್ಲ. ಕಾರು ಬ್ರೇಕು ಹಾಕಿದಾಗ ಹಿಂದಿನ ಟ್ರೇಲರು ತನ್ನ ಓಟದಲ್ಲೇ ಮುಂದಕ್ಕೆ ನುಗ್ಗುತ್ತದೆ. ಮೂತಿಯಲ್ಲಿರುವ ದಪ್ಪ ಕಬ್ಬಿಣದ ದಂಡವೊಂದು ಒಳಕ್ಕೆ ಸರಿಯುತ್ತದೆ, ಅದು ಒಂದು ಸನ್ನೆಯನ್ನು ಒತ್ತುತ್ತದೆ, ಸನ್ನೆ ಉದ್ದದ ಸಲಾಕೆಯನ್ನು ಎಳೆಯುತ್ತದೆ, ಸಲಾಕೆಯ ತುದಿಯಲ್ಲಿ ತಕ್ಕಡಿಯಂಥ ಅಡ್ಡಪಟ್ಟಿ. ಅಲ್ಲಿಂದ ಎರಡು ಕೇಬಲ್ಲುಗಳು ಎಡಬಲ ಗಾಲಿಗಳಿಗೆ ಹೋಗಿ ಡ್ರಮ್ಮಿನೊಳಗಿನ ಶೂಗಳನ್ನು ಅಗಲಿಸುತ್ತವೆ. ಟ್ರೇಲರು ಎಷ್ಟು ಜೋರಾಗಿ ನುಗ್ಗುತ್ತದೋ ಅಷ್ಟೇ ಜೋರಾಗಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಹಳಬರು ಇದಕ್ಕೆ ಓವರ್‌ರನ್ ಬ್ರೇಕು ಎನ್ನುತ್ತಾರೆ. ಇಳಿಜಾರಿನಲ್ಲಿ ಹೇರು ತುಂಬಿದ ಚಕ್ಕಡಿ ಎತ್ತುಗಳ ಮೇಲೆ ಬರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಆ ನೂಕನ್ನೆಲ್ಲ ಎತ್ತು ತಡೆದುಕೊಳ್ಳಬೇಕು, ಇಲ್ಲಿ ಆ ನೂಕೇ ಬ್ರೇಕು.

ಇನ್ನೊಂದು ತಂತಿ ಇದೆ, ಅದು ನನಗೆ ಬಹಳ ಇಷ್ಟ. ಟ್ರೇಲರಿನ ಹ್ಯಾಂಡ್‌ಬ್ರೇಕಿನಿಂದ ಕಾರಿಗೆ ಸಿಕ್ಕಿಸುವ ತೆಳ್ಳನೆಯ ತಂತಿ. ಓಡುವಾಗ ಕೊಂಡಿ ಕಳಚಿಹೋದರೆ ಅದು ಹ್ಯಾಂಡ್‌ಬ್ರೇಕನ್ನು ಎಳೆದು, ತನ್ನ ಕೆಲಸ ಮುಗಿಸಿ, ತುಂಡಾಗಿಬಿಡುತ್ತದೆ.

ಟ್ರೇಲರಿನ ರೋಗವೆಲ್ಲ ಓಟದಿಂದ ಬಂದದ್ದಲ್ಲ, ನಿಂತದ್ದರಿಂದ ಬಂದದ್ದು. ವರ್ಷದಲ್ಲಿ ಹತ್ತು ದಿನ ಓಡಿ ಉಳಿದ ದಿನವೆಲ್ಲ ನಿಂತಿರುತ್ತದೆ. ಮಳೆ, ಮಂಜು, ಮತ್ತೆ ಮಳೆ. ಹ್ಯಾಂಡ್‌ಬ್ರೇಕು ಎಳೆದಿಟ್ಟು ಹೋದರೆ ಡ್ರಮ್ಮಿಗೆ ತುಕ್ಕು ಹಿಡಿದು ಶೂಗಳು ಅದಕ್ಕೆ ಅಂಟಿಕೊಳ್ಳುತ್ತವೆ. ವಸಂತದಲ್ಲಿ ಎಳೆಯಲು ಹೋದರೆ ಗಾಲಿ ತಿರುಗದೆ ಹುಲ್ಲಿನ ಮೇಲೆ ಜಾರುತ್ತದೆ. ಅದಕ್ಕೇ ಚಳಿಗಾಲಕ್ಕೆ ನಿಲ್ಲಿಸುವಾಗ ಗಾಲಿಗೆ ಮರದ ತುಂಡು ಕೊಟ್ಟು ಹ್ಯಾಂಡ್‌ಬ್ರೇಕು ಬಿಟ್ಟಿರಬೇಕು. ನಮ್ಮೂರಿನ ಕಲ್ಲಿನ ಬ್ರೇಕಿಗೆ ಇಂಗ್ಲೆಂಡಿನಲ್ಲಿ ಇಷ್ಟು ಮರ್ಯಾದೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೇಬಲ್ಲಿನೊಳಗೆ ನೀರು ಇಳಿದು ತಂತಿ ಅದರ ಕವಚಕ್ಕೇ ಕಚ್ಚಿಕೊಳ್ಳುತ್ತದೆ. ಮೂತಿಯ ದಂಡಕ್ಕೆ ಹಾಕಿರುವ ರಬ್ಬರಿನ ಸುಕ್ಕುಚೀಲ ಒಡೆದರೆ ಅಲ್ಲಿಂದ ನೀರು. ಅಚ್ಚಿನೊಳಗೂ ರಬ್ಬರೇ ಇದೆ. ಕಬ್ಬಿಣದ ಕೊಳವೆಯೊಳಗೆ ಇನ್ನೊಂದು ದಂಡ, ಎರಡರ ನಡುವೆ ಒತ್ತಿ ತುಂಬಿದ ರಬ್ಬರಿನ ಹುರಿಗಳು. ಗಾಲಿ ಹಳ್ಳಕ್ಕೆ ಇಳಿದಾಗ ದಂಡ ಸ್ವಲ್ಪ ತಿರುಚುತ್ತದೆ, ರಬ್ಬರು ಹಿಂಡಿಕೊಂಡು ಮರಳಿ ಬಿಡುತ್ತದೆ. ಅದೇ ಅದರ ಸ್ಪ್ರಿಂಗು. ವರ್ಷಗಟ್ಟಲೆ ಭಾರ ಹೊತ್ತು ನಿಂತಲ್ಲೇ ನಿಂತರೆ ರಬ್ಬರು ಗಡುಸಾಗುತ್ತದೆ, ಗಾಲಿಗಳು ಮೇಲಕ್ಕೆ ಕುಸಿದು ಪೆಟ್ಟಿಗೆ ನೆಲಕ್ಕೆ ಹತ್ತಿರವಾಗುತ್ತದೆ. ಅದಕ್ಕೆ ರಿಪೇರಿಯಿಲ್ಲ, ಅಚ್ಚನ್ನೇ ಬದಲಿಸಬೇಕು.

ಗಾಲಿ ಅಜ್ಜನಿಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಬ್ರೇಕು ಸಡಿಲಾಯಿತೆಂದು ಜನ ಸುಲಭಕ್ಕೆ ಕೈಗೆ ಸಿಗುವ ಸಲಾಕೆಯ ನಟ್ಟನ್ನು ಬಿಗಿ ಮಾಡುತ್ತಾರೆ. ಒಳಗೆ ಶೂ ಸವೆದಿರುತ್ತದೆ, ಹೊರಗೆ ಸಲಾಕೆ ಬಿಗಿದಿರುತ್ತದೆ. ಹ್ಯಾಂಡ್‌ಬ್ರೇಕು ಎಳೆದರೆ ಗಟ್ಟಿ ಅನ್ನಿಸುತ್ತದೆ, ರಸ್ತೆಯ ಮೇಲೆ ಹಿಡಿಯುವುದಿಲ್ಲ. ಗಾಲಿಯಿಂದಲೇ ಶುರು ಮಾಡಬೇಕು. ಕೇಬಲ್ಲು ಸಡಿಲಿಸಿ, ಗಾಲಿ ಎತ್ತಿ, ಬ್ರೇಕಿನ ಹಿಂದಿನ ತಟ್ಟೆಯ ತೂತಿನಿಂದ ಸ್ಕ್ರೂಡ್ರೈವರ್ ತೂರಿಸಿ, ಒಳಗಿನ ಹಲ್ಲುಚಕ್ರವನ್ನು ಗಾಲಿ ಕಚ್ಚಿಕೊಳ್ಳುವವರೆಗೆ ತಿರುಗಿಸಬೇಕು. ಆಮೇಲೆ ಗಾಲಿ ಸಲೀಸಾಗಿ ತಿರುಗುವಷ್ಟು ಹಿಂದೆ ಬಿಡಬೇಕು. ಗಾಲಿಯನ್ನು ಮುಂದಕ್ಕೇ ತಿರುಗಿಸಬೇಕು, ಹಿಂದಕ್ಕಲ್ಲ. ಹಿಂದಕ್ಕೆ ತಿರುಗಿದರೆ ಬ್ರೇಕು ತಾನಾಗಿ ಬಿಟ್ಟುಕೊಡುವಂಥ ವ್ಯವಸ್ಥೆ ಅದರಲ್ಲಿದೆ, ಇಲ್ಲದಿದ್ದರೆ ಟ್ರೇಲರನ್ನು ಹಿಂದಕ್ಕೆ ನೂಕಲು ಬರುವುದೇ ಇಲ್ಲ. ಎರಡೂ ಗಾಲಿ ಮುಗಿದ ಮೇಲೆ ಕೇಬಲ್ಲು. ಎಲ್ಲಕ್ಕೂ ಕೊನೆಗೆ ಸಲಾಕೆ.

ಹೊಸ ಟ್ರೇಲರುಗಳ ಬೇರಿಂಗು ಸೀಲು ಮಾಡಿ ಬರುತ್ತದೆ. ನಮ್ಮಲ್ಲಿ ಎರಡು ಹಳೆಯವು. ಅವಕ್ಕೆ ಶಂಕುವಿನಾಕಾರದ ಉರುಳೆಗಳ ಬೇರಿಂಗು, ಗಾಲಿಗೆ ಎರಡರಂತೆ. ಡ್ರಮ್ಮು ತೆಗೆದು, ಹಳೆಯ ಗ್ರೀಸೆಲ್ಲ ಒರೆಸಿ, ಹೊಸದನ್ನು ಅಂಗೈಯಲ್ಲಿಟ್ಟುಕೊಂಡು ಉರುಳೆಗಳ ನಡುವೆ ಒತ್ತಿ ಒತ್ತಿ ತುಂಬಬೇಕು. ಹಳೆಯ ಶೂಗಳಲ್ಲಿ ಕಲ್ನಾರು ಇರಬಹುದು, ಆ ಪುಡಿಯನ್ನು ಊದಬಾರದು, ದ್ರಾವಣದಲ್ಲಿ ನೆನೆಸಿ ಒರೆಸಬೇಕು. ಕೊನೆಗೆ ಕಿರೀಟದಂತೆ ಹಲ್ಲುಗಳಿರುವ ನಟ್ಟು. ಗಾಲಿ ತಿರುಗಿಸುತ್ತಲೇ ಬಿಗಿ ಮಾಡಿ, ಮತ್ತೆ ಒಂಚೂರು ಹಿಂದೆ ಬಿಟ್ಟು, ಅಡ್ಡಲಾಗಿ ಸ್ಪ್ಲಿಟ್ ಪಿನ್ನು ತೂರಿಸಿ ಅದರ ಕಾಲು ಮಡಚಬೇಕು. ಆ ಪಿನ್ನನ್ನು ನೋಡಿದಾಗ ಕಡೆಗೀಲು ಎಂಬ ಶಬ್ದ ಬಾಯಿಗೆ ಬಂದೇ ಬರುತ್ತದೆ. ಗಾಲಿ ಅಜ್ಜನಿಗೆ ಆ ಶಬ್ದ ಹೇಳಿಕೊಟ್ಟೆ. ಅವರು 'ಕಡಗಿಲ' ಎನ್ನುತ್ತಾರೆ.

ನವಲಗುಂದದ ಕಡೆಯ ಹಳ್ಳಿಯಲ್ಲಿರುವ ನಮ್ಮಜ್ಜನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರಿಗೆ ಗ್ಲೈಡರಿನ ಬಗ್ಗೆ ಒಂದಿಷ್ಟೂ ಕುತೂಹಲ ಹುಟ್ಟಲಿಲ್ಲ. ಕೇಳಿದ್ದು ಇಷ್ಟೇ: "ಆ ವಿಮಾನದ ಚಕ್ಕಡಿಗೂ ಕೀಲೆಣ್ಣಿ ಹಾಕ್ತಾರೇನವಾ?"

"ಹೂಂ ಅಜ್ಜಾ, ಗ್ರೀಸು."

"ಗಾಲಿ ತಗದು ಹಾಕ್ತಾರೋ, ಬರೇ ಮ್ಯಾಲೆ ಸವರ್ತಾರೋ?"

"ತಗದು ಅಜ್ಜಾ."

"ಹಂಗಾರ ಚಲೋ. ಮ್ಯಾಲೆ ಸವರಿದ್ದು ನೋಡಾವ್ರಿಗಷ್ಟ."

ಅಜ್ಜನ ಚಕ್ಕಡಿಯ ಕೆಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆಯ ಗೊಟ್ಟ ನೇತಾಡುತ್ತಿದ್ದದ್ದು ನನಗೆ ನೆನಪಿದೆ. ಮುಟ್ಟಿದರೆ ಲಂಗದ ಮೇಲಿನ ಕಲೆ ಹೋಗುತ್ತಿರಲಿಲ್ಲ, ಅವ್ವನ ಏಟು ತಪ್ಪುತ್ತಿರಲಿಲ್ಲ.

ನನ್ನ ಸಂಶೋಧನೆಯೂ ಒಂದು ರೀತಿಯಲ್ಲಿ ಚಕ್ಕಡಿಯದ್ದೇ. ಧಾರವಾಡ ಸೀಮೆಯ ಹತ್ತಿ ಹತ್ತೊಂಬತ್ತನೇ ಶತಮಾನದಲ್ಲಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಮಾರುಕಟ್ಟೆಯಲ್ಲಿ 'ಕುಮಟಾ' ಎನ್ನುವುದೇ ಒಂದು ಜಾತಿಯ ಹತ್ತಿಯ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ಈ ರಸ್ತೆಗಳ ಮೇಲೆ ಇಂಗ್ಲೆಂಡಿನ ಕಣ್ಣು ಬಿತ್ತು. ನಾನು ಬಿಚ್ಚಿದ ಕಡತಗಳಲ್ಲಿ ದರ, ತೂಕ, ಹತ್ತಿಯಲ್ಲಿ ಬೆರೆಸಿದ ಮಣ್ಣಿನ ಬಗ್ಗೆ ದೂರು ಎಲ್ಲ ಸಿಗುತ್ತವೆ. ಕೀಲೆಣ್ಣೆ ಹಾಕಿದವರು ಸಿಗುವುದಿಲ್ಲ. ಯಾರೋ ಗುಮಾಸ್ತ ಎಲ್ಲಿಯೋ ಕೂತು ತುಂಬಿದ ಕಾಲಂಗಳನ್ನು ನಂಬಿ ನಾನು ಅಧ್ಯಾಯ ಬರೆಯಬೇಕು. ಅವರು ನಿಜಕ್ಕೂ ಚಕ್ಕಡಿ ಎಣಿಸಿದರೋ, ನೆರಳಲ್ಲಿ ಕೂತು ಬರೆದರೋ? ಸೆಮಿನಾರುಗಳಲ್ಲಿ ನಾನು ಈ ಪ್ರಶ್ನೆಯನ್ನು ಬಹಳ ಗತ್ತಿನಿಂದ ಕೇಳುತ್ತಿದ್ದೆ.

ಕಳೆದ ಏಪ್ರಿಲ್ಲಿನ ಒಂದು ಭಾನುವಾರ ಗಾಲಿ ಅಜ್ಜ ಆಸ್ಪತ್ರೆಯ ತಪಾಸಣೆಗೆಂದು ಮಗಳ ಊರಿಗೆ ಹೋಗಿದ್ದರು. ಹಳೆಯ ಟ್ರೇಲರೊಂದರ ಕೆಲಸ ನನಗೆ ಬಿಟ್ಟಿದ್ದರು. "ನಿನಗೆ ಬರುತ್ತದೆ" ಎಂದಷ್ಟೇ ಹೇಳಿದ್ದರು. ಆ ಮಾತಿನ ಹಿಗ್ಗಿನಲ್ಲೇ ಬೆಳಿಗ್ಗೆ ಹೋದೆ. ಬಲಗಾಲಿಯಿಂದ ಶುರು ಮಾಡಿದೆ. ಡ್ರಮ್ಮು ಕಚ್ಚಿಕೊಂಡಿತ್ತು. ಅದನ್ನು ಬಡಿದು ಬಡಿದು ಬಿಡಿಸುವುದರಲ್ಲೇ ಮಧ್ಯಾಹ್ನವಾಯಿತು. ಶೂ ಉಜ್ಜಿ, ಬೇರಿಂಗು ತೊಳೆದು, ಅವರು ಹೊಸದಾಗಿ ತಂದಿಟ್ಟಿದ್ದ ನೀಲಿ ಬಣ್ಣದ ಗ್ರೀಸು ತುಂಬಿ, ಪಿನ್ನು ಹಾಕಿ, ಗಾಲಿ ಏರಿಸುವಷ್ಟರಲ್ಲಿ ನಾಲ್ಕೂವರೆ. ಮಳೆ ಶುರುವಾಯಿತು. ಮಾರನೆಯ ದಿನ ಮಾರ್ಗದರ್ಶಕರಿಗೆ ಅಧ್ಯಾಯ ಕೊಡಬೇಕಿತ್ತು, ಕೊನೆಯ ಹತ್ತು ಪುಟ ಬರೆದಿರಲಿಲ್ಲ. ಊರಿಗೆ ಹೋಗುವ ಬಸ್ಸು ಐದೂವರೆಗೆ, ಅದು ಬಿಟ್ಟರೆ ಆ ದಿನ ಬೇರೆ ಇಲ್ಲ.

ಎಡಗಾಲಿಯನ್ನು ಜಾಕಿನಿಂದ ಎತ್ತಿದೆ. ತೂತಿನಿಂದ ಬ್ರೇಕು ಸರಿಮಾಡಿದೆ. ಟೈರಿನ ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸಿದೆ, ಹೆಚ್ಚೇನೂ ಆಡಲಿಲ್ಲ. ಒಮ್ಮೆ ತಿರುಗಿಸಿದೆ. ಸದ್ದೇನೂ ಕೇಳಲಿಲ್ಲ. ತಗಡಿನ ಪೆಟ್ಟಿಗೆಯ ಮೇಲೆ ಮಳೆ ಬಡಿಯುವಾಗ ಯಾವ ಸದ್ದು ಕೇಳೀತು? ಡ್ರಮ್ಮು ತೆಗೆಯಲಿಲ್ಲ. ಜಾಕು ಇಳಿಸಿ, ಶೆಡ್ಡಿಗೆ ಓಡಿ, ನೋಟ್‌ಬುಕ್ಕಿನಲ್ಲಿ ಬಲಗಾಲಿಯ ಸಾಲಿಗೆ ನಾಲ್ಕು ರೈಟು ಹಾಕಿದೆ. ಪೆನ್ನು ನಿಲ್ಲಲಿಲ್ಲ. ಎಡಗಾಲಿಯ ಸಾಲಿಗೂ ನಾಲ್ಕು ಹಾಕಿದೆ. ಮುಂದಿನ ವಾರ ಬಂದು ಮಾಡಿದರಾಯಿತು ಎಂದುಕೊಂಡಿದ್ದೆ ಎಂದು ಬರೆಯಲು ಮನಸ್ಸಾಗುತ್ತಿದೆ. ಹಾಗೆ ಅಂದುಕೊಂಡದ್ದೂ ನನಗೆ ನೆನಪಿಲ್ಲ.

ಆಗಸ್ಟಿನ ಮೊದಲ ವಾರ, ನಮ್ಮ ಕ್ಲಬ್ಬಿನ ಹುಡುಗನೊಬ್ಬ 300 ಕಿಲೋಮೀಟರು ಹಾರುವ ಪ್ರಯತ್ನಕ್ಕೆ ಹೊರಟ. ಗೋಲ್ಡ್ ಬ್ಯಾಡ್ಜಿಗೆ ಅಷ್ಟು ದೂರ ಬೇಕು. ಸಂಜೆ ಐದರ ಹೊತ್ತಿಗೆ ಲಿಂಕನ್‌ಶೈರಿನಲ್ಲಿ ಬಾರ್ಲಿ ಕೊಯ್ದ ಹೊಲವೊಂದರಲ್ಲಿ ಇಳಿದಿದ್ದೇನೆ, ಗ್ಲೈಡರಿಗೆ ಏನೂ ಆಗಿಲ್ಲ ಎಂದು ಫೋನು ಬಂತು. ಹೋಗಲು ಗಾಲಿ ಅಜ್ಜ ಎದ್ದರು. ಜೊತೆಗೆ ನಾನು. ಭಾರತದ ಲೈಸೆನ್ಸು ಇಲ್ಲಿ ನೆಲೆಸಿದವರಿಗೆ ಒಂದು ವರ್ಷ ಮಾತ್ರ ನಡೆಯುತ್ತದೆ. ನನ್ನದು ಯಾವಾಗಲೋ ಮುಗಿದಿತ್ತು, ಹಾಗಾಗಿ ನಕ್ಷೆ ನೋಡುವುದು ನನ್ನ ಕೆಲಸ. ಹೊರಟು ಹದಿನೈದು ನಿಮಿಷಕ್ಕೆ ಎಲ್ಲಾದರೂ ನಿಲ್ಲಿಸಿ ಎರಡೂ ಗಾಲಿಗಳ ನಡುಭಾಗದ ಹತ್ತಿರ ಮುಂಗೈ ಹಿಡಿದು ಶಾಖ ನೋಡುವುದು ಅವರ ಅಭ್ಯಾಸ. ಆ ದಿನ ನಿಲ್ಲಿಸಲಿಲ್ಲ. ಬೆಳಕು ಇರುವಾಗಲೇ ರೆಕ್ಕೆ ಕಳಚಬೇಕೆಂಬ ಅವಸರ.

ಹೊಲದ ರೈತರು ಒಳ್ಳೆಯವರು. ಅವರ ಮಕ್ಕಳು ಗ್ಲೈಡರಿನಲ್ಲಿ ಕೂತು ಫೋಟೋ ತೆಗೆಸಿಕೊಂಡರು, ನಮಗೆಲ್ಲ ಚಹಾ ಬಂತು. ಕಳಚಿ, ತುಂಬಿಸಿ, ಹೊರಟಾಗ ಹೊತ್ತು ಮುಳುಗುತ್ತಿತ್ತು. ಹುಡುಗ ಹಿಂದಿನ ಸೀಟಿನಲ್ಲಿ ಕೂತು, ಎಲ್ಲಿ ಯಾವ ಮೋಡದ ಕೆಳಗೆ ತಪ್ಪು ಮಾಡಿದೆನೆಂದು ಹೇಳುತ್ತಲೇ ಇದ್ದ. ಅರ್ಧ ಗಂಟೆಯಾಗಿರಬೇಕು. ಗಾಲಿ ಅಜ್ಜ ಕಿಟಕಿ ಇಳಿಸಿದರು. "ವಾಸನೆ ಬರುತ್ತಿದೆಯಾ?" ಎಂದರು. ಹುಡುಗ ಮಾತು ನಿಲ್ಲಿಸಿದ. ಸುಟ್ಟ ಎಣ್ಣೆಯ ವಾಸನೆ.

ರಸ್ತೆ ಬದಿಯ ಜಾಗವೊಂದರಲ್ಲಿ ನಿಲ್ಲಿಸಿದರು. ಬಲಗಾಲಿಯ ಹತ್ತಿರ ಮುಂಗೈ ಹಿಡಿದರು, ಬರೀ ಬೆಚ್ಚಗಿತ್ತು. ಎಡಗಡೆ ಬಂದು ಹಿಡಿದವರೇ ಕೈ ಹಿಂದಕ್ಕೆ ಎಳೆದುಕೊಂಡರು. ಟಾರ್ಚು ಬಿಟ್ಟಾಗ ಗಾಲಿಯ ಒಳಗಡೆಯೆಲ್ಲ ಎರಚಿದ ಕರಿ ಗ್ರೀಸಿನ ಗೆರೆಗಳು. ಗಂಟೆಗೆ ಐವತ್ತು ಮೈಲಿಯಲ್ಲಿ ಬಂದಿದ್ದೆವು. ಎದುರಿನಿಂದ ಲಾರಿಗಳು, ಕಾರುಗಳು, ಒಂದು ಕಡೆ ಸೈಕಲ್ಲಿನ ಮೇಲೆ ಇಬ್ಬರು ಹುಡುಗರು. ಇನ್ನು ಎಷ್ಟು ದೂರಕ್ಕೆ ಆ ಗಾಲಿ ಕಳಚಿಹೋಗುತ್ತಿತ್ತೋ ಎಂದು ನಾನು ಲೆಕ್ಕ ಹಾಕಲಿಲ್ಲ. ಲೆಕ್ಕ ತಾನಾಗಿಯೇ ನಡೆಯುತ್ತಿತ್ತು.

ಅವರ ಕಾರಿನ ಡಿಕ್ಕಿಯಲ್ಲಿ ಬೇರಿಂಗಿನ ಒಂದು ಸೆಟ್ಟು ಸದಾ ಇರುತ್ತದೆ, ಚಾಣ ಸುತ್ತಿಗೆಗಳೂ. ಗಾಲಿ ಆರಲು ಬಿಟ್ಟು, ಡ್ರಮ್ಮು ತೆಗೆದೆವು. ನಾನು ಟಾರ್ಚು ಹಿಡಿದಿದ್ದೆ. ಒಳಗಿನ ಬೇರಿಂಗಿನ ಪಂಜರ ಚೂರಾಗಿತ್ತು, ಉರುಳೆಗಳು ನೀಲಿ ಕಂದು ಬಣ್ಣಕ್ಕೆ ತಿರುಗಿದ್ದವು. "ಸೀಲು ಹೋಗಿ ನೀರು ಹೊಕ್ಕಿರಬೇಕು" ಎಂದರು. "ಏಪ್ರಿಲ್ಲಿನಲ್ಲಿ ನೀನು ಗ್ರೀಸು ಹಾಕಿದ್ದೀಯಲ್ಲ, ಒಣಗಿ ಹೀಗಾಗಿರಲಾರದು." ನಾನು ಹೂಂ ಎಂದೆ. ಲಾರಿಯೊಂದು ಹಾದುಹೋದಾಗ ಇಡೀ ಟ್ರೇಲರು ಅಲ್ಲಾಡಿತು. "ಇಲ್ಲವೇ ಬೇರಿಂಗೇ ಕೆಟ್ಟದ್ದಿರಬೇಕು, ಈಗೆಲ್ಲ ಅಗ್ಗದ ಮಾಲು ಬರುತ್ತದೆ." ಅದಕ್ಕೂ ಹೂಂ ಎಂದೆ. ಆಮೇಲೆ ಅವರು ಗಾಲಿಯ ಹೊರಗಿನ ಸಣ್ಣ ಮುಚ್ಚಳವನ್ನು ಕೈಗೆತ್ತಿಕೊಂಡರು. ಅಲ್ಲಿಯವರೆಗೆ ಶಾಖ ಅಷ್ಟು ಬಂದಿರಲಿಲ್ಲ, ಅದರೊಳಗಿನ ಗ್ರೀಸು ಇದ್ದ ಹಾಗೇ ಇತ್ತು. ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ನಾನೂ ನೋಡಿದೆ. ಕಂದು ಬಣ್ಣ, ಮೇಣದಂತೆ ಗಟ್ಟಿ. ಅವರು ಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡು "ಟಾರ್ಚು ಸ್ವಲ್ಪ ಎಡಕ್ಕೆ" ಎಂದರು.

ಅಚ್ಚಿನ ತುದಿಗೆ ಹೆಚ್ಚು ಗಾಯವಾಗಿರಲಿಲ್ಲ. ಪಾಲಿಶ್ ಕಾಗದದಿಂದ ಉಜ್ಜಿ, ಹೊಸ ಬೇರಿಂಗು ಕೂರಿಸಿ, ಮೂವತ್ತು ಮೈಲಿ ವೇಗದಲ್ಲಿ ನಡುನಡುವೆ ನಿಲ್ಲಿಸಿ ಮುಟ್ಟಿನೋಡುತ್ತ ಕ್ಲಬ್ಬು ತಲುಪಿದಾಗ ಒಂದೂವರೆ ದಾಟಿತ್ತು. ಹುಡುಗ ದಾರಿಯುದ್ದಕ್ಕೂ ನಿದ್ದೆ ಹೋಗಿದ್ದ.

ಹೇಳಿದ್ದು ಗುರುವಾರ. ನಾಲ್ಕು ದಿನ ಬೇಕಾಯಿತು. ಶೆಡ್ಡಿನಲ್ಲಿ ಅವರು ಒಬ್ಬರೇ ಇದ್ದರು. "ಎಡಗಾಲಿ ನಾನು ಬಿಚ್ಚಿರಲಿಲ್ಲ" ಎಂದೆ. ಇಂಗ್ಲಿಷಿನಲ್ಲಿ ಆ ವಾಕ್ಯ ಬಹಳ ಚಿಕ್ಕದಾಗಿ ಕೇಳಿಸಿತು.

"ಗೊತ್ತು," ಎಂದರು. "ಗ್ರೀಸು ನೀಲಿ ಇರಲಿಲ್ಲ."

ಬೈಯುತ್ತಾರೆಂದು ಕಾದೆ. ಅವರು ನೋಟ್‌ಬುಕ್ಕು ತೆಗೆದು ಆ ಪುಟ ಬಿಡಿಸಿದರು. ಅವರ ಸಿಟ್ಟು ನಾನಂದುಕೊಂಡ ಜಾಗದಲ್ಲಿ ಇರಲಿಲ್ಲ. "ಹೊರಡುವ ಮೊದಲು ನಾನು ಇದನ್ನು ನೋಡಿದ್ದೆ," ಎಂದರು. "ಎರಡೂ ಗಾಲಿಗೆ ಆಗಿದೆ ಅಂತಿತ್ತು. ಅದಕ್ಕೇ ದಾರಿಯಲ್ಲಿ ನಿಲ್ಲಿಸಲಿಲ್ಲ. ನೀನು ಇಲ್ಲಿ ಖಾಲಿ ಬಿಟ್ಟಿದ್ದರೆ ನಿಲ್ಲಿಸುತ್ತಿದ್ದೆ." ಬೆರಳು ಎಡಗಾಲಿಯ ಸಾಲಿನ ಮೇಲಿತ್ತು. "ಕೆಲಸ ಉಳಿದರೆ ಉಳಿಯಲಿ. ಖಾಲಿ ಇದ್ದರೆ ನಾನು ಹುಷಾರಾಗಿರುತ್ತೇನೆ." ಪೆನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ನಾಲ್ಕರಲ್ಲಿ ಎರಡು ರೈಟುಗಳನ್ನು ಹೊಡೆದುಹಾಕಿದೆ. ಕೇಬಲ್ಲು, ಟೈರು ನಿಜಕ್ಕೂ ನೋಡಿದ್ದೆ. ಅವನ್ನು ಹಾಗೇ ಬಿಡಬಹುದೇ ಎಂದು ಯೋಚಿಸಿ ಬಿಟ್ಟೆ.

ಆ ರಾತ್ರಿ ಮನೆಗೆ ಬಂದು ಏಪ್ರಿಲ್ಲಿನಲ್ಲಿ ಅದೇ ಅವಸರದಲ್ಲಿ ಬರೆದು ಕೊಟ್ಟಿದ್ದ ಅಧ್ಯಾಯ ತೆರೆದೆ. ಮಾರ್ಗದರ್ಶಕರು ಅದನ್ನು ಮೆಚ್ಚಿಕೊಂಡಿದ್ದರು. ಘಟ್ಟದ ರಸ್ತೆಯ ಚಕ್ಕಡಿಗಳ ಸಂಖ್ಯೆಗೆ ನಾನು ಕೊಟ್ಟಿದ್ದ ಅಡಿಟಿಪ್ಪಣಿಯೊಂದು ಅದರಲ್ಲಿತ್ತು. ಮೂಲ ಕಡತದ ಹೆಸರು, ಸಂಪುಟ, ಪುಟ ಎಲ್ಲ ಇತ್ತು. ಆ ಕಡತವನ್ನು ನಾನು ನೋಡಿರಲಿಲ್ಲ. ಇನ್ನೊಬ್ಬರ ಪುಸ್ತಕದ ಅಡಿಟಿಪ್ಪಣಿಯಿಂದ ಎತ್ತಿ, ಕಣ್ಣಾರೆ ಕಂಡವಳಂತೆ ಇಳಿಸಿಕೊಂಡಿದ್ದೆ. ಸಂಶೋಧಕರಲ್ಲಿ ಇದು ಅಪರೂಪವೇನಲ್ಲ, ಓದುವವರಲ್ಲಿ ಕೆಲವರಾದರೂ ಈಗ ಸಣ್ಣಗೆ ನಕ್ಕಿರುತ್ತೀರಿ. ನನ್ನ ನಂತರ ಬರುವ ಯಾರೋ ಈ ಟಿಪ್ಪಣಿ ನೋಡಿ, ಇವಳು ನೋಡಿದ್ದಾಳೆ, ನಾವು ಮತ್ತೆ ನೋಡಬೇಕಾಗಿಲ್ಲ ಎಂದು ನಿಲ್ಲಿಸದೆ ಮುಂದೆ ಹೋಗುತ್ತಾರೆ. ಟಿಪ್ಪಣಿ ಅಳಿಸಿದೆ. ಅಂಥವು ಇನ್ನೆಷ್ಟಿವೆ ಎಂದು ಹುಡುಕುತ್ತ ಹೋದರೆ ಆ ಅಧ್ಯಾಯವೊಂದರಲ್ಲೇ ಆರು ಸಿಕ್ಕವು. ಮಾರ್ಗದರ್ಶಕರಿಗೆ ಪತ್ರ ಬರೆದೆ. ಪ್ರಬಂಧ ಸಲ್ಲಿಸುವ ದಿನ ಮುಂದೆ ಹೋಯಿತು. ಈ ಚಳಿಗಾಲದಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಕೂತು ಆರನ್ನೂ ನೋಡಬೇಕು. ಹೋಗಿಬರುವ ರೈಲಿನ ಖರ್ಚು ಲೆಕ್ಕ ಹಾಕಿದರೆ ಇನ್ನಷ್ಟು ದಿನ ನಾನು ನೆಲದ ಮೇಲೇ.

ಅಜ್ಜನಿಗೆ ಹೇಳಿಲ್ಲ. ಫೋನಿನಲ್ಲಿ ಅವರು ಆ ಟ್ರೇಲರಿನ ಸುದ್ದಿ ಕೇಳಿದಾಗಲೆಲ್ಲ ಮಳೆಯ ಮಾತು ತೆಗೆಯುತ್ತೇನೆ. ಆ ಹುಡುಗನಿಗೂ ಹೇಳಿಲ್ಲ. ಬೇರಿಂಗಿಗೆ ನೀರು ಹೊಕ್ಕಿತ್ತೆಂದೇ ಅವನು ಈಗಲೂ ಎಲ್ಲರಿಗೂ ಆ ರಾತ್ರಿಯ ಕತೆ ಹೇಳುತ್ತಾನೆ, ಅದರಲ್ಲಿ ಟಾರ್ಚು ಹಿಡಿದವಳಾಗಿ ನಾನು ಬರುತ್ತೇನೆ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅವನಿಗೆ ಓದಲು ಬರುವುದಿಲ್ಲ, ಅದು ನನಗೆ ಗೊತ್ತಿದೆ.

ಹೋದ ಶನಿವಾರ ಚಳಿಗಾಲಕ್ಕೆ ನಿಲ್ಲಿಸುವ ಮುಂಚಿನ ಕೆಲಸಕ್ಕೆ ಹೋಗಿದ್ದೆ. ಗಾಲಿ ಅಜ್ಜ ಸ್ಟೂಲು ಹಾಕಿಕೊಂಡು ಕೂತು ಪಾನಾ ಕೊಡುತ್ತಿದ್ದರು. ಎಡಗಾಲಿಯಿಂದ ಶುರು ಮಾಡಿದೆ. ಬಲಗಾಲಿಯ ಅರ್ಧಕ್ಕೆ ಬರುವಷ್ಟರಲ್ಲಿ ಬೆಳಕು ಹೋಯಿತು, ಬಸ್ಸಿನ ಹೊತ್ತೂ ಆಯಿತು. ಡ್ರಮ್ಮು ತೆಗೆದಿದ್ದೆವು, ಬೇರಿಂಗು ಇನ್ನೂ ಒರೆಸಿರಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಅಚ್ಚಿನ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆವು. ನೋಟ್‌ಬುಕ್ಕಿನಲ್ಲಿ ಎಡಗಾಲಿಯ ಸಾಲು ತುಂಬಿ, ಬಲಗಾಲಿಯದನ್ನು ಖಾಲಿ ಬಿಟ್ಟೆ.